ಬಿಟ್ಟುಕೊಟ್ಟ ತಟ್ಟೆ

ಓಕ್ಲ್ಯಾಂಡ್
14 ಸೆಪ್ಟೆಂಬರ್ 2024

ಅಕ್ಕಾ, ಶರಣು.

ನಿನ್ನ ಕಿವಿ ಕೈಕೊಟ್ಟ ಮೇಲೆ ಫೋನಿನಲ್ಲಿ ನಾನು ಒದರುವುದು, ನೀನು ‘ಹಾಂ? ಹಾಂ?’ ಅನ್ನುವುದು ಸಾಕಾಗಿದೆ. ವಾಟ್ಸಾಪಿನಲ್ಲಿ ಬರೆದರೆ, ನಿನ್ನ ಖಾತೆಯನ್ನು ಇಲ್ಲಿಂದಲೇ ತೆರೆದು ನೋಡುವ ನಿನ್ನ ಮಗ ನಿನಗಿಂತ ಮೊದಲು ಓದುತ್ತಾನೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಧಾರವಾಡ ಮುಟ್ಟಲು ಎರಡು ಮೂರು ವಾರ ಹಿಡಿದರೂ ನಿನ್ನೊಬ್ಬಳ ಕೈಗೇ ಸಿಗುತ್ತದೆ.

ನನಗೆ ಹೇಸಿಗೆ ಬಂದಿದೆ ಅಕ್ಕಾ. ನಾನು ಬಡಿಸುವ ಶಾಲೆಯ ಊಟದ ಕೋಣೆಯ ಬಾಗಿಲಲ್ಲಿ ದೊಡ್ಡ ಕಸದ ಡಬ್ಬಿಗಳಿವೆ. ಊಟ ಮುಗಿದ ಮೇಲೆ ಅವನ್ನು ತಳ್ಳಿಕೊಂಡು ಹೋಗುವ ಪಾಳಿ ಈ ವಾರ ನನ್ನದು. ಒಳಗೆ ಇಣುಕಿದರೆ ಹಲ್ಲು ತಾಗದ ಸೇಬು, ಬಾಯಿ ಬಿಚ್ಚದ ಹಾಲಿನ ಪೊಟ್ಟಣ, ತುದಿ ಕಚ್ಚಿ ಬಿಸಾಕಿದ ಬರ್ಗರು, ಎಲ್ಲದರ ಮೇಲೆ ಯಾರೋ ಸುರುವಿದ ಚಾಕೊಲೇಟ್ ಹಾಲು. ಇಲ್ಲಿನ ನಿಯಮ ಹಾಗಿದೆ. ಮಗು ತಟ್ಟೆ ಎತ್ತಿಕೊಂಡರೆ ಅದರಲ್ಲಿ ಹಣ್ಣೋ ತರಕಾರಿಯೋ ಇರಲೇಬೇಕು, ಇಲ್ಲದಿದ್ದರೆ ಅದು ಊಟ ಅನ್ನಿಸಿಕೊಳ್ಳುವುದಿಲ್ಲ. ‘ನನಗೆ ಬೇಡ’ ಎನ್ನುವ ಮಗುವಿನ ತಟ್ಟೆಗೂ ನಾನು ಸೇಬು ಇಡುತ್ತೇನೆ, ಅದು ನನ್ನ ಕಣ್ಣೆದುರೇ ಹೋಗಿ ಡಬ್ಬಿಗೆ ಹಾಕುತ್ತದೆ. ಊಟವಾದ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿದು ಏಳುವ ಮನೆಯಲ್ಲಿ ಬೆಳೆದವರು ನಾವು. ನನ್ನ ಕೈಗೆ ಇಂಥ ಕೆಲಸ ಬಂತಲ್ಲ.

ಇಷ್ಟೇ ಬರೆದರೆ ತಪ್ಪಾಗುತ್ತದೆ. ಒಂದು ಚಲೋ ಮಾತೂ ಇದೆ. ನಮ್ಮದು ಬಡವರ ಬಸ್ತಿಯ ಶಾಲೆ. ರಾಜ್ಯಕ್ಕೆಲ್ಲ ಈ ಪದ್ಧತಿ ಬರುವ ಮೊದಲೇ ಇಲ್ಲಿ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಪುಕ್ಕಟೆ. ನಿಮ್ಮಪ್ಪ ಏನು ಮಾಡುತ್ತಾನೆ, ಮನೆ ಇದೆಯೋ ಕಾರಿನಲ್ಲೇ ಮಲಗುತ್ತೀರೋ, ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ನಿಂತವನಿಗೆ ತಟ್ಟೆ, ಅಷ್ಟೇ. ರೈಲಿನ ಹಳಿಯ ಪಕ್ಕ ಹೊಸ ಮನೆಗಳೆದ್ದ ಮೇಲೆ ನಮ್ಮವರ ಮಕ್ಕಳೂ ಬಂದು ಸೇರಿದ್ದಾರೆ. ನಿನ್ನ ಮೊಮ್ಮಗಳು ನಿಹಾರಿಕಾ ಈಗ ಮೂರನೇ ಕ್ಲಾಸು. ಮಾರಿಸೋಲ್ ಅಂತ ಒಬ್ಬ ಗೆಳತಿ ಆಕೆಗೆ. ಅವಳ ತಾಯಿ ಹೋಟೆಲಿನ ಕೋಣೆ ತೊಳೆಯುವವಳು. ಇಬ್ಬರೂ ತೋಳಿಗೆ ತೋಳು ಸಿಕ್ಕಿಸಿಕೊಂಡೇ ಸಾಲಿಗೆ ಬರುತ್ತಾರೆ, ತಟ್ಟೆ ಹಿಡಿಯಲು ಕೈ ಸಾಲದೆ ನನ್ನ ಕಡೆ ನೋಡಿ ನಗುತ್ತಾರೆ.

ನಿನ್ನ ಮಗ ಸಿದ್ಧಾರೂಢ ಮಾತ್ರ ಅವಳನ್ನು ಶಾಲೆಗೆ ಬಿಡಲು ಬಂದಾಗ ನನ್ನನ್ನು ಗೇಟಿನಲ್ಲಿ ಕಂಡರೆ ಬೇಗ ಬೇಗ ಹೋಗುತ್ತಾನೆ. ತನ್ನ ಸ್ನೇಹಿತರಿಗೆ ‘ಚಿಗವ್ವ ಎಜುಕೇಶನ್ ಡಿಪಾರ್ಟ್‌ಮೆಂಟಿನಾಗ ಇದ್ದಾರ’ ಎಂದು ಹೇಳಿದ್ದಾನಂತೆ. ಹೌದಪ್ಪಾ, ಸೌಟು ಹಿಡಿದುಕೊಂಡು ಇದ್ದೇನೆ.

ನಿನ್ನ
ನಿವೇದಿತಾ


ಧಾರವಾಡ
8 ಅಕ್ಟೋಬರ್ 2024

ಪ್ರೀತಿಯ ನಿವೇದಿತಾಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ನನಗೂ ಮನಸ್ಸು ಕೆಟ್ಟಿತು. ಅನ್ನವನ್ನು ಹಾಗೆ ಕಸಕ್ಕೆ ಹಾಕುವ ದೇಶ ಎಷ್ಟು ದಿನ ಬಾಳೀತು? ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ ಎಂಬುದನ್ನು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ನಾನು ಕಂಡಿದ್ದೇನೆ. ಬೇಕಾದವರಿಗೆ ಕೊಡಬೇಕು, ಬೇಡವಾದವರು ತಾವಾಗಿಯೇ ಹಿಂದೆ ಸರಿಯಬೇಕು.

ಈ ಮಾತನ್ನು ಸಿದ್ದೂಗೂ ಹೇಳಿದೆ. ನನ್ನ ಕಿವಿಯ ಸಲುವಾಗಿ ಅವನು ವಿಡಿಯೋದಲ್ಲಿ ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ತೋರಿಸುತ್ತಾನೆ, ನಾನು ಬಾಯಲ್ಲಿ ಹೇಳುತ್ತೇನೆ. ಈಚೆಗೆ ದಿನಾಲೂ ಕರೆಯುತ್ತಾನೆ, ಪಾಪ. ನೀನು ಕಂಡ ಕಸದ ಡಬ್ಬಿಯ ಸಂಗತಿಯನ್ನೂ ಹೇಳಿದೆ. ನಮ್ಮಲ್ಲಿ ಗ್ಯಾಸಿನ ಸಬ್ಸಿಡಿ ಬಿಡಿರಿ ಎಂದು ಸರ್ಕಾರ ಕೇಳಿದ್ದು ನೆನಪಿದೆಯೇ? ನಮ್ಮ ಓಣಿಯಲ್ಲಿ ಮೊದಲು ಬಿಟ್ಟವಳು ನಾನು. ಏಜೆನ್ಸಿಯವರು ಕೊಟ್ಟ ಪ್ರಶಸ್ತಿಪತ್ರ ಇನ್ನೂ ದೇವರ ಕೋಣೆಯ ಹೊರಗೆ ತೂಗುತ್ತಿದೆ. ಅದನ್ನು ಅವನಿಗೆ ನೆನಪಿಸಿದೆ. ‘ನೀವೂ ಹಂಗ ಮಾಡ್ರಿ. ನಿಮ್ಮ ಪಾಲು ನೀವು ಬಿಟ್ರ ಇಲ್ಲದವರ ಹೊಟ್ಟಿಗೆ ಹೋಗ್ತದ’ ಅಂದೆ. ಅವನ ಮುಖ ಅರಳಿತು ನೋಡು. ಎಷ್ಟು ದಿನದ ಮೇಲೆ ಹಾಗೆ ಕಂಡೆನೋ.

ಅಮಾವಾಸ್ಯೆಯ ದಾಸೋಹಕ್ಕೆ ಮಠದಲ್ಲಿ ಈ ಸಲವೂ ಬಡಿಸುವ ಸೇವೆ ನನ್ನದೇ. ನಮ್ಮ ಓಣಿಯ ಅಂಬವ್ವ ಜೊತೆಗಿರುತ್ತಾಳೆ. ನಿನ್ನ ಮಂಡಿ ನೋವು ಹೇಗಿದೆ, ಬರೆ.

ನಿನ್ನ ಅಕ್ಕ
ಶರಣವ್ವ


ಓಕ್ಲ್ಯಾಂಡ್
4 ನವೆಂಬರ್ 2024

ಅಕ್ಕಾ,

ನಿನಗೆ ನಾನು ಕಾಗದ ಬರೆದದ್ದು ನಿನ್ನೊಬ್ಬಳಿಗೆಂದು. ನೀನು ಅದನ್ನು ಮಗನಿಗೆ ಒಪ್ಪಿಸಿದೆ, ಅವನು ಊರಿಗೆಲ್ಲ ಒಪ್ಪಿಸಿದ. ನಮ್ಮ ಶಾಲೆಯ ಇಂಡಿಯನ್ ಪಾಲಕರ ಗ್ರೂಪಿನಲ್ಲಿ ಅವನು ಹಾಕಿದ ಸಂದೇಶ ತಿರುಗಿ ತಿರುಗಿ ನನ್ನ ಫೋನಿಗೇ ಬಂತು. ‘ಶಾಲಾ ಊಟದ ವ್ಯವಸ್ಥೆಯ ಒಳಗಿರುವ ನಮ್ಮ ಹಿರಿಯರೊಬ್ಬರು ಅಲ್ಲಿ ಚೆಲ್ಲುವ ಅನ್ನವನ್ನು ಕಂಡು ಕಣ್ಣೀರಿಟ್ಟಿದ್ದಾರೆ’ ಅಂತೆ. ನಾನು ಯಾವಾಗ ಕಣ್ಣೀರಿಟ್ಟೆ? ನನಗೆ ಬಂದದ್ದು ವಾಕರಿಕೆ. ಈಗ ಅದಕ್ಕಿಂತ ಜಾಸ್ತಿ ಬರುತ್ತಿದೆ.

ಏನು ಮಾಡಿದ್ದಾನೆ ಕೇಳು. ನಮ್ಮವರ ಮಕ್ಕಳು ಇನ್ನು ಶಾಲೆಯ ಊಟ ಮಾಡುವುದಿಲ್ಲ, ಮನೆಯಿಂದ ಡಬ್ಬಿ ತರುತ್ತಾರೆ, ಪಾಲನ್ನು ಬಡವರಿಗೆ ಬಿಟ್ಟುಕೊಡುತ್ತಾರೆ. ಬಿಟ್ಟುಕೊಟ್ಟ ಮಗುವಿನ ಡಬ್ಬಿಗೆ ಹಸಿರು ಎಲೆಯ ಸ್ಟಿಕರು. ಅದರ ಮೇಲೆ ‘ಐ ಗೇವ್ ಮೈನ್’. ನಾನು ನನ್ನದನ್ನು ಕೊಟ್ಟೆ! ಮಧ್ಯಾಹ್ನ ಹನ್ನೆರಡಕ್ಕೆ ಗೇಟಿನಲ್ಲಿ ನಿಂತು ಅದನ್ನು ಹಂಚುತ್ತಿದ್ದ. ನಿನ್ನ ಮಗನಿಗೆ ಆಫೀಸು ಅನ್ನುವುದು ಇಲ್ಲವೇ? ನಾನು ಹೋಗಿ ಇದೇನಪ್ಪಾ ಎಂದು ಕೇಳಿದ್ದಕ್ಕೆ, ‘ಚಲೋ ಕೆಲಸ ಮಾಡಾಕತ್ತೀವಿ ಚಿಗವ್ವ, ನೀ ಯಾಕ ಮಾರಿ ಗಂಟು ಹಾಕ್ಕೊಂಡಿ?’ ಅಂದ.

ಯಾಕೆಂದರೆ ಆ ಪಾಲು ಯಾರಿಗೂ ಹೋಗುವುದಿಲ್ಲ, ಅಕ್ಕಾ. ಇದು ನಿನ್ನ ಗ್ಯಾಸಲ್ಲ. ಮಕ್ಕಳು ಎಷ್ಟು ತಟ್ಟೆ ಎತ್ತುತ್ತಾರೋ ಅಷ್ಟಕ್ಕೆ ಮಾತ್ರ ಸರ್ಕಾರ ಶಾಲೆಗೆ ಕೊಡುತ್ತದೆ. ಎತ್ತದ ತಟ್ಟೆಯ ಊಟ ಇನ್ನೊಂದು ತಟ್ಟೆಗೆ ಬಂದು ಬೀಳುವುದಿಲ್ಲ. ಅದು ಹುಟ್ಟುವುದೇ ಇಲ್ಲ. ತಟ್ಟೆ ಕಡಿಮೆಯಾದರೆ ಅಡುಗೆ ಕಡಿಮೆ, ಕೈ ಕಡಿಮೆ, ಕೊನೆಗೆ ಬಿಸಿ ಪದಾರ್ಥ ಹೋಗಿ ಬರೀ ಪೊಟ್ಟಣ ಉಳಿಯುತ್ತದೆ. ಕಸದ ಡಬ್ಬಿ ಹೇಗಿತ್ತೋ ಹಾಗೇ ಇದೆ.

ಶನಿವಾರ ಹಳಿಯ ಪಕ್ಕದ ಹೊಸ ಮನೆಗಳಲ್ಲಿರುವ ದ್ವಾರಕಾನಾಥ, ರಮಾ ಎಂಬ ಮೈಸೂರಿನವರಲ್ಲಿ ದೀಪಾವಳಿ ಊಟ. ಸಿದ್ದೂನನ್ನು ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆದರು. ‘ನಾವು ತಗೊಳ್ಳೋ ಜನ ಅಲ್ಲ ಅಂತ ತೋರಿಸಿಕೊಟ್ರಿ’ ಎಂದು ದ್ವಾರಕಾನಾಥ ಭಾಷಣ ಮಾಡಿದ. ಭಾಷಣ ಮುಗಿದ ಮೇಲೆ ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋದರೆ ಅಲ್ಲಿ ಕಪ್ಪು ಚೀಲಗಳ ಬಾಯಿ ತೆರೆದಿತ್ತು. ಪೇಪರ್ ತಟ್ಟೆಯ ಸಮೇತ ಹೋಳಿಗೆ, ಪಲಾವು, ಒಂದೇ ತುತ್ತು ತಿಂದ ಜಾಮೂನು. ಥೂ. ನಾನು ಕೈಯನ್ನೂ ತೊಳೆಯದೆ ಬಂದುಬಿಟ್ಟೆ. ವೀರಣ್ಣ ಕಾರಿನಲ್ಲಿ ‘ಊಟ ಹೆಂಗಿತ್ತು?’ ಎಂದು ಕೇಳಿದ್ದಕ್ಕೆ ಗಂಡನೆಂದೂ ನೋಡದೆ ರೇಗಿದೆ.

ಇನ್ನೊಂದು ಸಂಗತಿ. ಎಲೆ ಸ್ಟಿಕರಿನ ಒಂದು ಮಗು ಸಾಲಿನಲ್ಲಿದ್ದ ಗೆಳತಿಯ ತಟ್ಟೆ ನೋಡಿ ‘ದಟ್ಸ್ ಮೈನ್, ಐ ಗೇವ್ ಇಟ್ ಟು ಯೂ’ ಅಂತು. ಇದು ನನ್ನದು, ನಿನಗೆ ನಾನು ಕೊಟ್ಟೆ. ಆ ಗೆಳತಿ ತಟ್ಟೆಯನ್ನು ಅಲ್ಲೇ ಕೌಂಟರಿನ ಮೇಲಿಟ್ಟು ಹೋದಳು. ಬೇರೇನೂ ಆಗಲಿಲ್ಲ. ನಾನು ಆ ತಟ್ಟೆಯನ್ನು ಕಸಕ್ಕೆ ಹಾಕಬೇಕಾಯಿತು.

ನಿನ್ನ ಮಗನಿಗೆ ಹೇಳು. ನೀನು ಹಚ್ಚಿದ್ದು, ನೀನೇ ಆರಿಸು.

ನಿವೇದಿತಾ


ಧಾರವಾಡ
26 ನವೆಂಬರ್ 2024

ನಿವೇದಿತಾ,

ಸಿಟ್ಟಿನಲ್ಲಿ ಬರೆದ ಕಾಗದಕ್ಕೆ ಸಿಟ್ಟಿನಲ್ಲಿ ಉತ್ತರ ಬರೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಆದರೂ ಹೇಳಲೇಬೇಕು. ಹತ್ತು ಜನ ನನ್ನ ಮಗನನ್ನು ಒಳ್ಳೆಯವನೆಂದರೆ ನಿನಗ್ಯಾಕೆ ಅಷ್ಟು ಸಂಕಟ? ಅವನು ಯಾರ ತಟ್ಟೆಯನ್ನೂ ಕಸಿಯಲಿಲ್ಲ, ತನ್ನದನ್ನು ಬಿಟ್ಟ. ಲೆಕ್ಕ, ನಿಯಮ ಏನಾದರೂ ಇರಲಿ, ಮನಸ್ಸು ಒಳ್ಳೆಯದಲ್ಲವೇ? ಒಂದು ಮಗು ತಿಳಿಯದೆ ಏನೋ ಅಂದರೆ ಅದಕ್ಕೆ ಅವನು ಹೊಣೆಯೇ? ಅದರ ಮನೆಯವರು ಮಾತು ಕಲಿಸಿಲ್ಲ ಅಷ್ಟೇ.

ಹಗಲಿನಲ್ಲಿ ಗೇಟಿನ ಹತ್ತಿರ ಯಾಕೆ ನಿಂತಿದ್ದ ಎಂದು ಕೇಳಿದ್ದೀ. ಅವರ ಆಫೀಸಿನವರು ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದಾರೆ. ಇದನ್ನು ಅವನನ್ನಾಗಲಿ, ಹರಿಪ್ರಿಯಾಳನ್ನಾಗಲಿ ನಾಲ್ಕು ಜನರೆದುರು ಕೇಳಲು ಹೋಗಬೇಡ. ಸೊಸೆಗೆ ಅದೆಲ್ಲ ಹಿಡಿಸುವುದಿಲ್ಲ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮ ಮಗು ಬಿಟ್ಟಿ ಊಟದ ಸಾಲಿನಲ್ಲಿ ಯಾಕೆ ನಿಲ್ಲಬೇಕು? ನೋಡಿದವರು ಏನೆಂದುಕೊಂಡಾರು? ನೀನು ಆ ಕಡೆ ನಿಂತು ಬಡಿಸುವವಳು, ನಿನಗೆ ಅದು ತಿಳಿಯದಿರಬಹುದು.

ಶರಣವ್ವ


ಓಕ್ಲ್ಯಾಂಡ್
14 ಡಿಸೆಂಬರ್ 2024

ಅಕ್ಕಾ,

‘ಅದರ ಮನೆಯವರು ಮಾತು ಕಲಿಸಿಲ್ಲ’ ಎಂದು ಬರೆದೆಯಲ್ಲ, ಆ ಮನೆ ನಿನ್ನದೇ. ಆ ಮಾತಾಡಿದ್ದು ನಿಹಾರಿಕಾ. ತಟ್ಟೆಯಿಟ್ಟು ಹೋದವಳು ಮಾರಿಸೋಲ್. ಹೋದ ಕಾಗದದಲ್ಲಿ ಹೆಸರು ಮುಚ್ಚಿಟ್ಟೆ, ನಿನಗೆ ನೋವಾದೀತೆಂದು. ಇನ್ನು ಮುಚ್ಚಿಡುವುದಿಲ್ಲ.

ನಿನ್ನ ಮೊಮ್ಮಗಳು ಕೆಟ್ಟ ಬುದ್ಧಿಯಿಂದ ಅನ್ನಲಿಲ್ಲ, ಅದೇ ನನಗೆ ಸಂಕಟ. ಖುಷಿಯಿಂದ ಅಂದಳು. ಗೆಳತಿಗೆ ತಾನೇನೋ ಉಡುಗೊರೆ ಕೊಟ್ಟೆ ಅಂದುಕೊಂಡು, ಕಣ್ಣು ಹೊಳೆಯುತ್ತ ಅಂದಳು. ಅಪ್ಪ ಹಾಗೆ ಹೇಳಿಕೊಟ್ಟಿದ್ದಾನೆ. ಅವತ್ತಿನಿಂದ ಮಾರಿಸೋಲ್ ಸಾಲಿಗೆ ಬರುವುದಿಲ್ಲ. ಊಟದ ಹೊತ್ತಿನಲ್ಲಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಜಾಕೆಟ್ಟಿನ ಟೋಪಿ ಎಳೆದುಕೊಂಡು ಕೂತಿರುತ್ತಾಳೆ. ನಾನೇ ತಟ್ಟೆ ಹಿಡಿದು ಹೋದೆ, ಹಸಿವಿಲ್ಲ ಅಂದಳು. ಮಧ್ಯಾಹ್ನ ಮೈದಾನದಲ್ಲಿ ತಲೆ ತಿರುಗಿ ಕೂತಳೆಂದು ಟೀಚರು ಹೇಳಿದರು. ಮನೆಯಲ್ಲಿ ರಾತ್ರಿ ಏನಿರುತ್ತದೋ ದೇವರೇ ಬಲ್ಲ. ಟೀಚರು ತಾಯಿಗೆ ಫೋನ್ ಮಾಡಿದರೆ ಆಕೆ ಕೆಲಸದಲ್ಲಿ, ಸಿಗಲಿಲ್ಲ.

ಅವಳೊಬ್ಬಳೇ ಅಲ್ಲ. ಊಟದ ಕೋಣೆಯಲ್ಲಿ ಈಗ ಎರಡು ಕಡೆ. ಎಲೆಯಂಟಿಸಿದ ಡಬ್ಬಿಗಳ ಮೇಜು ಒಂದು ಕಡೆ, ‘ಕೊಡಿಸಿಕೊಂಡವರ’ ಮೇಜು ಇನ್ನೊಂದು ಕಡೆ. ದೊಡ್ಡ ಕ್ಲಾಸಿನ ಮಕ್ಕಳು ಸಾಲಿಗೆ ಬರುವುದನ್ನೇ ಬಿಡುತ್ತಿದ್ದಾರೆ. ಯಾರೂ ಯಾರನ್ನೂ ಕೇಳದಿದ್ದ ಒಂದೇ ಒಂದು ಜಾಗ ಇತ್ತು, ಅದನ್ನು ನಿನ್ನ ಮಗ ಹಸಿರು ಸ್ಟಿಕರು ಅಂಟಿಸಿ ಹಾಳು ಮಾಡಿದ. ನಿಹಾರಿಕಾ ತನ್ನ ಡಬ್ಬಿಯ ಚಪಾತಿಯನ್ನು ಗೆಳತಿಗೆ ಕೊಡಲು ಹೋದಳು. ಮಕ್ಕಳು ಊಟ ಹಂಚಿಕೊಳ್ಳುವಂತಿಲ್ಲ ಎಂದು ಅದನ್ನೂ ಮೇಲ್ವಿಚಾರಕಿ ತಡೆದಳು. ಈಗ ಅವಳೂ ಅಳುತ್ತಾಳೆ.

ಬಿಟ್ಟಿ ಊಟದ ಸಾಲಿನಲ್ಲಿ ನಮ್ಮ ಮಗು ಯಾಕೆ ನಿಲ್ಲಬೇಕು ಎಂದು ಕೇಳಿದೆ. ಆಯಿತು, ನಾನೂ ಕೇಳುತ್ತೇನೆ. ಎಷ್ಟೋ ವರ್ಷದಿಂದ ಅಮಾವಾಸ್ಯೆಗೆ ಮಠದಲ್ಲಿ ಸೌಟು ಹಿಡಿದು ಬಡಿಸುತ್ತೀಯಲ್ಲ, ಒಂದು ದಿನವಾದರೂ ಆ ಪಂಕ್ತಿಯಲ್ಲಿ ಕೂತು ಉಂಡಿದ್ದೀಯಾ? ಸೇವೆ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಬಂದು ಉಣ್ಣುತ್ತೀ. ಅವ್ವನೂ ಹಾಗೇ ಮಾಡುತ್ತಿದ್ದಳು, ಓಣಿಯ ದೊಡ್ಡ ಮನೆಯವರೆಲ್ಲ ಹಾಗೇ. ಅದು ದಾಸೋಹವಲ್ಲ, ಅಕ್ಕಾ. ಸೌಟಿನ ಈಚೆ ಕಡೆ ನಿಂತು ನಾವು ಅವರಲ್ಲ ಎಂದು ತೋರಿಸಿಕೊಳ್ಳುವುದು. ನನಗೆ ಅದೂ ಹೇಸಿಗೆ.

ನಾನು ಬಡಿಸುವವಳು, ನಿಜ. ತಿಳಿದೇ ಬರೆದಿದ್ದೇನೆ.

ನಿವೇದಿತಾ


ಧಾರವಾಡ
12 ಜನವರಿ 2025

ನಿವೇದಿತಾ,

ನಿನ್ನ ಕಾಗದವನ್ನು ಹರಿದು ಹಾಕಬೇಕೆಂದು ಎತ್ತಿಕೊಂಡೆ, ಆಗಲಿಲ್ಲ. ಮಗುವಿನ ಹೆಸರು ಓದಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ.

ನಾನೂ ಮುಚ್ಚಿಟ್ಟದ್ದಿದೆ. ಯಾರಿಗೂ ಹೇಳಕೂಡದೆಂದು ಸಿದ್ದು ವಿಡಿಯೋದಲ್ಲೇ ಲಿಂಗದ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಂಡಿದ್ದ. ಆ ಆಣೆ ಇವತ್ತು ಮುರಿಯುತ್ತೇನೆ. ಅವನಿಗೆ ಕೆಲಸವಿಲ್ಲ. ಜುಲೈಯಲ್ಲೇ ಕಂಪನಿಯವರು ತೆಗೆದುಹಾಕಿದರು. ಒಂದು ದಿನ ಬೆಳಿಗ್ಗೆ ಕಂಪ್ಯೂಟರು ತೆರೆದರೆ ತೆರೆಯಲೇ ಇಲ್ಲವಂತೆ, ಹಾಗೆ ತಿಳಿಯಿತಂತೆ. ಹರಿಪ್ರಿಯಾಳ ಸಂಬಳದಲ್ಲಿ ಮನೆ ನಡೆಯುತ್ತಿದೆ. ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ, ಓಣಿಯವರು ನೋಡಲೆಂದು. ವಾಲ್ನಟ್ ಕ್ರೀಕ್ ಎಂಬ ಪಕ್ಕದ ಊರಿನ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಾನೆ, ಅಲ್ಲಿಂದಲೇ ನನಗೆ ವಿಡಿಯೋ. ಹಾಳೆಯ ಮೇಲೆ ಬರೆದು ತೋರಿಸುವುದು ನನ್ನ ಕಿವಿಯ ಸಲುವಾಗಿ ಎಂದು ನಿನಗೆ ಬರೆದಿದ್ದೆ. ಅಲ್ಲಿ ಮಾತಾಡುವಂತಿಲ್ಲ, ಅದಕ್ಕೂ ಹೌದು.

ನಿಹಾರಿಕಾ ಶಾಲೆಯಲ್ಲಿ ಊಟ ಮಾಡುವುದರ ಬಗ್ಗೆ ಮೊದಲು ಅವನಿಗೆ ಏನೂ ಅನಿಸಿರಲಿಲ್ಲ. ಕೆಲಸ ಹೋದ ಮೇಲೆ ಅನಿಸಿತು. ಒಂದು ದಿನ ಹಾಳೆಯ ಮೇಲೆ ಬರೆದು ತೋರಿಸಿದ: ‘ಅವ್ವಾ, ಈಗ ಅದು ನಿಜವಾಗಿ ಬೇಕಾಗೇದ. ಅಕಿ ಆ ಸಾಲಿನಾಗ ನಿಂತದ್ದು ನೋಡಿದ್ರ ನನಗ ಉಸಿರು ಕಟ್ಟತದ.’ ಅದೇ ವಾರ ನಿನ್ನ ಮೊದಲ ಕಾಗದ ಬಂದಿತ್ತು. ಅವನಿಗೆ ಮರ್ಯಾದೆಯಿಂದ ಹೊರಬರಲು ಒಂದು ಬಾಗಿಲು ಬೇಕಿತ್ತು, ನಾನು ತೋರಿಸಿದೆ. ಗ್ಯಾಸಿನ ಪ್ರಶಸ್ತಿಪತ್ರ ತೋರಿಸಿದೆ.

ನಿನಗೆ ಅಹಂಕಾರವಾಗಿ ಕಂಡದ್ದು ಅಹಂಕಾರವಲ್ಲ, ಭಯ. ಇನ್ನು ಬಯ್ಯುವುದಿದ್ದರೆ ನನ್ನನ್ನು ಬೈ.

ಶರಣವ್ವ


ಓಕ್ಲ್ಯಾಂಡ್
5 ಫೆಬ್ರವರಿ 2025

ಅಕ್ಕಾ,

ಅಡುಗೆಮನೆಯಲ್ಲಿ ನಿಂತೇ ಕಾಗದವನ್ನು ಎರಡು ಸಲ ಓದಿದೆ. ಎತ್ತಿ ಆಡಿಸಿದ ಹುಡುಗ ಅವನು. ಇದೇ ಊರಿನಲ್ಲಿದ್ದು ಚಿಗವ್ವನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲವಲ್ಲ. ವೀರಣ್ಣನಿಗೂ ಹೇಳಿಲ್ಲ. ಸಿದ್ದೂಗೆ ನಾನು ತಿಳಿದವಳಂತೆ ತೋರಿಸಿಕೊಳ್ಳುವುದೂ ಇಲ್ಲ.

ಆದರೆ ನನ್ನ ಹೇಸಿಗೆ ಕಡಿಮೆಯಾಯಿತೆಂದು ತಿಳಿಯಬೇಡ. ಹೆಚ್ಚಾಗಿದೆ. ಬೇಡವಾದವನು ಬಿಟ್ಟಿದ್ದರೆ ಕೊಬ್ಬು ಅಂತ ಅಂದುಬಿಡುತ್ತಿದ್ದೆ. ಬೇಕಾಗಿದ್ದವನೇ ಬಿಟ್ಟ. ಅದೂ ಸುಮ್ಮನೆ ಬಿಡಲಿಲ್ಲ, ತನ್ನ ಭಯವನ್ನು ಸ್ಟಿಕರು ಮಾಡಿ ಎಂಟು ವರ್ಷದ ಮಕ್ಕಳ ಡಬ್ಬಿಗೆ ಅಂಟಿಸಿದ. ಅದರ ಭಾರ ಹೊತ್ತವಳು ಮಾರಿಸೋಲ್. ಹೋದ ವಾರದಿಂದ ಅವಳು ಮಧ್ಯಾಹ್ನ ಊಟದ ಕೋಣೆಗೂ ಬರುತ್ತಿಲ್ಲ, ನರ್ಸಿನ ಕೋಣೆಯಲ್ಲಿ ಹೊಟ್ಟೆನೋವೆಂದು ಮಲಗುತ್ತಾಳೆ. ನರ್ಸು ಬಿಸ್ಕತ್ತು ಕೊಟ್ಟರೆ ‘ಇದನ್ನ ಯಾರು ಕೊಟ್ಟರು?’ ಎಂದು ಮೊದಲು ಕೇಳುತ್ತಾಳಂತೆ. ಕೇಳಿದ ಮೇಲೂ ತಿನ್ನುವುದಿಲ್ಲವಂತೆ.

ನಮ್ಮಲ್ಲಿ ಬಿಸಿ ಪದಾರ್ಥ ವಾರಕ್ಕೆ ಎರಡೇ ದಿನವಾಗಿದೆ. ಗ್ರೂಪಿನಲ್ಲಿ ಮಾತ್ರ ಇನ್ನೂ ಎಲೆಯ ಚಿತ್ರ ಕಳಿಸಿ ಕೈಮುಗಿಯುತ್ತಾರೆ. ನಾನು ಒಂದು ಮೀಟಿಂಗಿಗೆ ಹೋಗಿ ಲೆಕ್ಕ ತಿಳಿಸಿ ಹೇಳಿದೆ. ರಮಾ ಎದ್ದು, ‘ಆಂಟಿ, ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತೆ ಅಂತ ನಮಗೂ ಅರ್ಥ ಆಗುತ್ತೆ’ ಎಂದಳು. ನನ್ನ ಕೆಲಸಕ್ಕೆ! ಅಲ್ಲೇ ಎದ್ದು ಬಂದೆ. ಸಿದ್ದು ನೆಲ ನೋಡುತ್ತ ಕೂತಿದ್ದ.

ನನ್ನ ಮಾತು ಯಾರೂ ಕೇಳುವುದಿಲ್ಲ, ನಾನು ಸೌಟಿನವಳು. ನೀನು ಹೇಳಿದರೆ ಅವನು ಕೇಳುತ್ತಾನೆ. ಆ ಮಗು ಉಣ್ಣಬೇಕು, ಅಕ್ಕಾ. ಅದೊಂದೇ ನನಗೆ ಬೇಕಾಗಿರುವುದು.

ನಿವೇದಿತಾ


ಧಾರವಾಡ
1 ಮಾರ್ಚ್ 2025

ತಂಗೀ,

ನಿನ್ನ ಕಾಗದ ಶಿವರಾತ್ರಿಗೆ ಮುಂಚೆ ಬಂತು. ಶಿವರಾತ್ರಿಯ ಮರುದಿನದ ಅಮಾವಾಸ್ಯೆಗೆ ಮಠಕ್ಕೆ ಹೋದೆ. ಅಂಬವ್ವ ಎಂದಿನಂತೆ ನನ್ನ ಕೈಗೆ ಸಾರಿನ ಸೌಟು ಕೊಟ್ಟಳು. ನಾನು ಒಲ್ಲೆ ಅಂದೆ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡು ಕುರ್ಚಿ ತರಲು ಓಡಿದಳು. ಅಷ್ಟರಲ್ಲಿ ನಾನು ಹೋಗಿ ಪಂಕ್ತಿಯಲ್ಲಿ ಕೂತೆ.

ಸುಲಭವಾಗಲಿಲ್ಲ ಎಂದು ನಿನಗೆ ಹೇಳಲು ನಾಚಿಕೆಯಿಲ್ಲ. ಬಡಿಸುವವರೆಲ್ಲ ನನ್ನ ಗುರುತಿನವರು, ನನ್ನ ವಿದ್ಯಾರ್ಥಿಗಳೂ ಇದ್ದರು. ಒಬ್ಬಳು ನನ್ನ ಮುಂದೆ ಬಂದು ಸೌಟು ಹಿಡಿದು ಏನೂ ತೋಚದೆ ನಿಂತಳು. ನೀಡಬೇಕೋ ಬೇಡವೋ ಎಂದು ನನ್ನನ್ನೇ ನೋಡಿದಳು. ನಾನು ತಟ್ಟೆ ಮುಂದೆ ಚಾಚಿದೆ. ಹಾಗೆ ಚಾಚುವಾಗ ಆಕೆಯ ಮುಖ ನೋಡಲಾಗಲಿಲ್ಲ, ನಿವೇದಿತಾ. ಸೌಟು ಹಿಡಿದಾಗ ನಾನು ಒಂದು ದಿನವೂ ಯಾರಿಗೂ ಮುಖ ತಪ್ಪಿಸಿರಲಿಲ್ಲ. ಎಂಟು ವರ್ಷದ ಹುಡುಗಿ ತಟ್ಟೆ ಇಟ್ಟು ಎದ್ದು ಹೋದದ್ದು ಯಾಕೆಂದು ಆಗ ತಿಳಿಯಿತು.

ಪಕ್ಕದಲ್ಲಿ ಕೂತಿದ್ದವಳು ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ನನ್ನ ಕಿವಿ ಮಂದವೆಂದು ಕೈಸನ್ನೆಯಲ್ಲಿ ತಿಳಿಸಿದೆ. ಆಕೆ ಬಾಗಿ ನನ್ನ ಕಿವಿಯಲ್ಲೇ ಕೂಗಿದಳು: ‘ಹುಗ್ಗಿ ಇನ್ನಟು ಹಾಕಿಸ್ಕೊಳ್ಳವ್ವಾ, ನಾಚ್ಕೊಂಬ್ಯಾಡ.’ ಹಾಕಿಸಿಕೊಂಡೆ. ತಟ್ಟೆ ತೊಳೆದು ಕುಡಿದು ಎದ್ದೆ.

ಅಂಬವ್ವನ ಕೈಗೆ ಫೋನು ಕೊಟ್ಟು, ಉಣ್ಣುವಾಗಲೇ ಫೋಟೋ ತೆಗೆಸಿದ್ದೆ. ಅದನ್ನು ಬಳಗದ ಗ್ರೂಪಿನಲ್ಲಿ ಹಾಕಿದೆ. ಕೆಳಗೆ ಬರೆದೆ: ‘ಇವತ್ತು ನಾನು ಬಿಟ್ಟಿ ಊಟ ಉಂಡೆ. ಸಿದ್ದು, ನಿನ್ನ ಮಗಳೂ ಉಣ್ಣಲಿ.’ ನಿನ್ನ ಭಾವನ ಕಡೆಯವರು ಒಬ್ಬೊಬ್ಬರಾಗಿ ಏನಾಯಿತೆಂದು ಕೇಳುತ್ತಿದ್ದಾರೆ. ಸಿದ್ದು ಕರೆದಿಲ್ಲ. ದಿನಾ ಬರುತ್ತಿದ್ದ ವಿಡಿಯೋ ನಿಂತಿದೆ.

ಪ್ರಶಸ್ತಿಪತ್ರ ತೆಗೆಸಿದೆ. ಗೋಡೆಯಲ್ಲಿ ಮೊಳೆ ಉಳಿದಿದೆ, ಅದಕ್ಕೆ ಕ್ಯಾಲೆಂಡರು ಹಾಕಬೇಕು.

ಅಕ್ಕ


ಓಕ್ಲ್ಯಾಂಡ್
23 ಮಾರ್ಚ್ 2025

ಅಕ್ಕಾ,

ಫೋಟೋ ನೋಡಿದ ದಿನ ಸಿದ್ದು ನನಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದ. ಅವ್ವನ ತಲೆಗೆ ಏನು ತುಂಬಿದಿ, ಬಳಗದ ಮುಂದೆ ಮಾನ ಕಳೆದಿ ಎಂದ. ನಾನೂ ಬಿಡಲಿಲ್ಲ. ಅವ್ವ ಉಂಡದ್ದರಿಂದ ಯಾರ ಮಾನ ಹೋಯಿತು, ಆಕೆಯದೋ ನಿನ್ನದೋ ಎಂದು ಕೇಳಿದೆ. ಫೋನ್ ಇಟ್ಟ. ಆಮೇಲೆ ಮೂರು ವಾರ ಅವನ ಸುದ್ದಿಯಿಲ್ಲ, ನಿಹಾರಿಕಾ ಅದೇ ಡಬ್ಬಿ ಹಿಡಿದು ಬರುತ್ತಿದ್ದಳು. ಮಾರಿಸೋಲ್ ಅದೇ ನರ್ಸಿನ ಕೋಣೆಯಲ್ಲಿ. ಮುಗಿಯಿತು ಅಂದುಕೊಂಡೆ.

ಹೋದ ಗುರುವಾರ ಬೆಳಿಗ್ಗೆ ಗೇಟಿನಲ್ಲಿ ನಿಂತಿದ್ದ, ಚೀಲ ಇರಲಿಲ್ಲ. ನನ್ನನ್ನು ಕಂಡು ಓಡಿ ಹೋಗಲೂ ಇಲ್ಲ. ‘ಚಿಗವ್ವ, ಇನ್ನ ಅಕಿಗೆ ಡಬ್ಬಿ ಇಲ್ಲ’ ಅಂದ. ‘ಆತು’ ಅಂದೆ. ಇನ್ನೂ ಏನೋ ಹೇಳಬೇಕೆಂದಿದ್ದ. ನಾನು ಕೇಳಲಿಲ್ಲ. ಪಕ್ಕದಲ್ಲಿ ಎಲೆ ಡಬ್ಬಿಯ ಮಗನನ್ನು ಬಿಡಲು ಬಂದ ದ್ವಾರಕಾನಾಥ ‘ಏನ್ರೀ ಸಿದ್ದು, ಆಫೀಸಿಲ್ವಾ ಇವತ್ತು?’ ಅಂದ. ಸಿದ್ದು ಅವನ ಕಡೆ ತಿರುಗಿ, ‘ಇಲ್ಲ. ಜುಲೈಯಿಂದ ಇಲ್ಲ’ ಅಂದ. ದ್ವಾರಕಾನಾಥ ಕಾರಿನ ಕೀಲಿ ಹುಡುಕುವವನಂತೆ ಕಿಸೆಗೆ ಕೈ ಹಾಕಿದ. ಅವನ ಮಗ ಇವತ್ತಿಗೂ ಡಬ್ಬಿಯನ್ನೇ ತರುತ್ತಾನೆ, ಸ್ಟಿಕರೂ ಹಾಗೇ ಇದೆ. ಅವರೆಲ್ಲ ಬದಲಾದರೆಂದು ನಿನಗೆ ಸುಳ್ಳು ಬರೆಯಲಾರೆ. ಅವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವತ್ತು ಊಟದ ಹೊತ್ತಿಗೆ ನಿಹಾರಿಕಾ ಬಂದು ತಟ್ಟೆ ಎತ್ತಿಕೊಂಡಳು. ನೀಡಿದೆ. ಆಕೆ ಮೇಜಿಗೆ ಹೋಗದೆ ತಟ್ಟೆ ಹಿಡಿದುಕೊಂಡೇ ಊಟದ ಕೋಣೆಯಿಂದ ಆಚೆ ನಡೆದಳು. ಹೊರಗೆ ಒಯ್ಯುವಂತಿಲ್ಲ, ಮೇಲ್ವಿಚಾರಕಿ ಕೂಗಿದಳು, ಆಕೆ ಕೇಳಲಿಲ್ಲ. ನಾನು ಕೈಗವಸು ಕಿತ್ತು ಹಿಂದೆ ಓಡಿದೆ. ನರ್ಸಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮಾರಿಸೋಲ್ ಮಂಚದ ಮೇಲೆ ಎದ್ದು ಕೂತು ಆ ತಟ್ಟೆಯನ್ನು, ಇವಳ ಮುಖವನ್ನು, ಮತ್ತೆ ತಟ್ಟೆಯನ್ನು ನೋಡಿದಳು. ಆಮೇಲೆ ಕೇಳಿದಳು:

‘ಹೂ ಗೇವ್ ಯೂ ಯುವರ್ಸ್?’

ನಿನ್ನದನ್ನು ನಿನಗೆ ಯಾರು ಕೊಟ್ಟರು? ನಿಹಾರಿಕಾ ಹಿಂದೆ ತಿರುಗಿ ನನ್ನನ್ನು ಕಂಡಳು.

‘ಸಣ್ಣಜ್ಜಿ’ ಅಂದಳು. ‘ಶಿ ಜಸ್ಟ್ ಗಿವ್ಸ್ ಎವ್ರಿಬಡಿ.’ ಆಕೆ ಸುಮ್ಮನೆ ಎಲ್ಲರಿಗೂ ಕೊಡುತ್ತಾಳೆ.

ಮಾರಿಸೋಲ್ ಕೂಡಲೇ ಏನೂ ಎದ್ದು ಬರಲಿಲ್ಲ. ಬೂಟಿನ ದಾರ ಕಟ್ಟಿಕೊಂಡಳು, ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕೊನೆಗೆ ಬಂದು ಸಾಲಿನ ಕೊನೆಯಲ್ಲಿ ನಿಂತಳು. ನಿಹಾರಿಕಾ ತನ್ನ ತಟ್ಟೆ ಹಿಡಿದುಕೊಂಡೇ ಅವಳ ಜೊತೆ ಮತ್ತೊಮ್ಮೆ ಸಾಲಿನಲ್ಲಿ ನಿಂತಳು. ಇಬ್ಬರೂ ನನ್ನ ಮುಂದೆ ಬಂದಾಗ ಅವರ ಮುಖವನ್ನೇ ನೋಡುತ್ತ ನೀಡಿದೆ, ಬೀನ್ಸು ಅರ್ಧ ಕೌಂಟರಿನ ಮೇಲೆ ಬಿತ್ತು.

ಪಿಜ್ಜಾ ಪೂರ್ತಿ ತಿಂದಳು, ಅಕ್ಕಾ. ಹಾಲು ಕುಡಿದಳು, ಇನ್ನೊಂದು ಪೊಟ್ಟಣ ಕೇಳಿ ಇಸಿದುಕೊಂಡಳು. ಆಮೇಲೆ ಇಬ್ಬರೂ ತೋಳಿಗೆ ತೋಳು ಸಿಕ್ಕಿಸಿಕೊಂಡು ಎದ್ದು, ಕಸದ ಡಬ್ಬಿಯ ಹತ್ತಿರ ಹೋಗಿ, ಹಲ್ಲು ತಾಗದ ಎರಡು ಸೇಬುಗಳನ್ನು ಒಳಗೆ ಹಾಕಿ ಕಿಸಿಕಿಸಿ ನಕ್ಕರು. ಹೇಸಿ ಹುಡುಗಿಯರು. ನಾನು ನೋಡಿಯೂ ನೋಡದವಳಂತೆ ಕೌಂಟರು ಒರೆಸಿದೆ.

ಸಿದ್ದೂಗೆ ನೀನೇ ವಿಡಿಯೋ ಮಾಡು. ತಾನಾಗಿ ಮಾಡಲು ಅವನಿಗೆ ಇನ್ನೂ ಸ್ವಲ್ಪ ದಿನ ಬೇಕು.

ನಿನ್ನ
ನಿವೇದಿತಾ